ಎಮ್ಮೆಯ ಕುಬಸಕ್ಕೆ ಬಂದ ಸೂಟು

ಮರಳಿ ಎಂಬ ಊರಿನ ಯಮನೂರ ಹುಟ್ಟಿದಾಗ ಸೂಲಗಿತ್ತಿ, "ಇದೊಂದ ಕೂಸಲ್ಲಬೇ, ಇನ್ನೊಂದರ ಪಾಲೂ ಇದರಾಗ ಬಂದೈತಿ" ಅಂದಳಂತೆ. ಮುಂದೆ ಅವನು ಬೆಳೆದ ಪರಿ ನೋಡಿದರೆ ಇಬ್ಬರ ಪಾಲಲ್ಲ, ಆ ವರ್ಷ ಗಂಗಾವತಿ ತಾಲೂಕಿನಲ್ಲಿ ಹುಟ್ಟಿದ ಎಲ್ಲರ ಪಾಲಿನಿಂದಲೂ ಒಂದೊಂದು ಹಿಡಿ ಇವನಿಗೆ ಸಂದಿರಬೇಕು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಅವನು ಬಸ್ಸಿನ ಎಡಗಡೆ ಸೀಟಿನಲ್ಲಿ ಕೂತನೆಂದರೆ ಬಲಗಡೆ ಕೂತವರು ತಮ್ಮ ಊರು ಬಂದರೂ ಇಳಿಯುವ ಹಾಗಿರಲಿಲ್ಲ. "ಯಮನೂರ ಇಳಿಯೂ ಮಟ ಕುಂದರ್ರಿ, ಗಾಡಿ ವಾಲತೈತಿ" ಎಂದು ಕಂಡಕ್ಟರನೇ ಗದರುತ್ತಿದ್ದ. ಬೇಸಿಗೆಯಲ್ಲಿ ಅವನು ನಿಂತಲ್ಲಿಗೆ ಓಣಿಯ ಕೋಳಿಗಳು ನೆರಳಿಗೆಂದು ಬಂದು ಕೂರುತ್ತಿದ್ದವು. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಅನುಮಾನವಿದ್ದವರು ಕೋಳಿಗಳನ್ನು ಕೇಳಬಹುದು.

ಇಷ್ಟು ದೊಡ್ಡ ಮೈಗೆ ಮರಳಿಯವರು ಕಂಡುಕೊಂಡ ಉಪಯೋಗ ಒಂದೇ: ಸುಗ್ಗಿ ಮುಗಿದ ಮೇಲೆ ಕೊಯ್ದ ಗದ್ದೆಯಲ್ಲಿ ಸ್ಟೇಜು ಕಟ್ಟಿ ಆಡುವ ನಾಟಕದಲ್ಲಿ ರಾಕ್ಷಸನ ಪಾರ್ಟು. ಪೌರಾಣಿಕವಾದರೆ ರಾಕ್ಷಸ, ಸಾಮಾಜಿಕವಾದರೆ ರೌಡಿ. ಎರಡರಲ್ಲೂ ಕೊನೆಗೆ ಸಾವು. ಮದುವೆಯಾದ ವರ್ಷದಿಂದ ಹಿಡಿದು ಯಮನೂರ ಗದೆಯಿಂದ ಸತ್ತಿದ್ದ, ಬಾಣದಿಂದ ಸತ್ತಿದ್ದ, ಪೊಲೀಸರ ಗುಂಡಿಗೆ ಸತ್ತಿದ್ದ, ಒಮ್ಮೆ ಬರಿಯ ಶಾಪದಿಂದಲೇ ಸತ್ತಿದ್ದ. ಸತ್ತವನು ಪರದೆ ಬೀಳುವ ತನಕ ಬಿದ್ದಿರಬೇಕಾದ್ದರಿಂದ ಒಂದು ಸಲ ಗೊರಕೆಯನ್ನೂ ಹೊಡೆದಿದ್ದ.

"ಹಣಿಗೆ ಕುಂಕುಮ ಹಚ್ಚಿಕೊಂಡು ಹೋಗಿ, ವರ್ಷಾ ವರ್ಷಾ ಗಂಡ ಸಾಯೂದನ್ನ ಮುಂದಿನ ಸಾಲಿನ್ಯಾಗ ಕುಂತು ನೋಡಬೇಕೇನ್ರಿ?" ಎಂದು ಅವನ ಹೆಂಡತಿ ರೇಣುಕಾದೇವಿ ಕೇಳುತ್ತಿದ್ದಳು. ಗಂಡ ಸಾಯುವ ಸೀನು ಹತ್ತಿರ ಬಂದಿತೆಂದರೆ ಎದ್ದು ಮನೆಗೆ ಹೋಗಿಬಿಡುತ್ತಿದ್ದಳು.

ಇದಕ್ಕಿಂತ ದೊಡ್ಡ ತೊಡಕು ಆಯೇರಿಯದು. ಈ ಕಡೆ ಮದುವೆ, ತೊಟ್ಟಿಲು, ಬಸುರಿಯ ಕುಬಸ ಏನೇ ಕಾರ್ಯವಿರಲಿ, ಬೀಗರು ಬಟ್ಟೆಬರೆ ಉಡುಗೊರೆ ತರುತ್ತಾರೆ. ಅದೇ ಆಯೇರಿ. ನಾಟಕದಲ್ಲಿ ಪಾರ್ಟು ಮಾಡುವವರಿಗೂ ಬೀಗರು ಸ್ಟೇಜು ಹತ್ತಿ, ಮೈಕಿನಲ್ಲಿ ಹೆಸರು ಕೂಗಿಸಿ ಆಯೇರಿ ಮಾಡುತ್ತಾರೆ. ಕಳ್ಳನಿಗೂ ಮಾಡುತ್ತಾರೆ, ಕುಡುಕನಿಗೂ ಮಾಡುತ್ತಾರೆ. ಸತ್ತು ಬಿದ್ದವನಿಗೆ ಮಾತ್ರ ಮಾಡುವುದಿಲ್ಲ. ಹೆಣಕ್ಕೆ ಹೊಸ ಬಟ್ಟೆ ಹೊದಿಸಿದರೆ ಅದಕ್ಕೆ ಬೇರೆಯೇ ಅರ್ಥ. ಯಮನೂರನ ಮಾವ ಗವಿಸಿದ್ದಪ್ಪ ಕುಕನೂರಿನಿಂದ ಎಷ್ಟು ಬೇಗ ಹೊರಟರೂ, ದಾರಿಯಲ್ಲಿ ಚಹಾ ಕುಡಿಯುವ ಚಟವಿದ್ದುದರಿಂದ, ಅವರು ಬಂದು ಮುಟ್ಟುವ ಹೊತ್ತಿಗೆ ಅಳಿಯ ಸತ್ತಿರುತ್ತಿದ್ದ. ತಂದ ಗಂಟು ಹಾಗೇ ಕುಕನೂರಿಗೆ ವಾಪಸು.

ಈ ವರ್ಷ ಮರಳಿಯವರು 'ಕುಂಕುಮ ಕೇಳಿದ ಕೋರ್ಟು' ಎಂಬ ನಾಟಕ ಹಿಡಿದರು. ನಿಜಾಮನ ಕಾಲದ ಕಥೆ. ಅದರಲ್ಲಿ ಹೈದರಾಬಾದಿನಿಂದ ಬಂದು ಬಡ ಹೆಣ್ಣುಮಗಳ ಪರವಾಗಿ ವಾದಿಸುವ ಬ್ಯಾರಿಸ್ಟರ್ ಒಬ್ಬನಿದ್ದಾನೆ. ಅವನು ಸಾಯುವುದಿಲ್ಲ. ಆ ಪಾರ್ಟು ಪ್ರತಿವರ್ಷದ ಹೀರೋ ಮಾಂತೇಶನದೇ ಆಗಬೇಕಿತ್ತು. ಆದರೆ ನಾಟಕ ಕಲಿಸುವ ಪಂಪಣ್ಣ ಮಾಸ್ತರು ಯಮನೂರನ ಬಾಯಿಂದ ಕೋರ್ಟಿನ ಮಾತುಗಳನ್ನು ಒಮ್ಮೆ ಓದಿಸಿದರು. ಅವನು "ಮಹಾಸ್ವಾಮಿ!" ಅಂದದ್ದಕ್ಕೆ ಕಾಲುವೆಯ ಆಚೆ ದಂಡೆಯಲ್ಲಿ ಮಲಗಿದ್ದವರು ಎದ್ದು "ಯಾರ್ರೀ?" ಅಂದರು.

"ಪಾರ್ಟು ನಿಂದ. ಆದ್ರ ಸೂಟ ಬೇಕಪಾ" ಎಂದರು ಮಾಸ್ತರು. "ಅಗಲ ಕಾಲರಿಂದು, ಒಳಗ ಜಾಕೀಟ ಇರೂವಂಥಾದ್ದು, ಸಡ್ಲ ಪ್ಯಾಂಟ. ನಿಜಾಮನ ಕಾಲದಂಗ ಕಾಣಬೇಕು. ಸಿಗಲಿಲ್ಲ ಅಂದ್ರ ಮಾಂತೇಶ ಬ್ಯಾರಿಸ್ಟರು, ನೀ ರೌಡಿ ಕಾಳಿಂಗ."

"ಕಾಳಿಂಗ ಸಾಯ್ತಾನೇನ್ರಿ?"

"ಎರಡ ಸಲ" ಎಂದರು ಮಾಸ್ತರು. "ಒಂದು ಕನಸಿನ್ಯಾಗ."

ಯಮನೂರ ಮರುದಿನವೇ ಗಂಗಾವತಿಯ ರೆಡಿಮೇಡ್ ಅಂಗಡಿಗೆ ಹೋದ. ಅಂಗಡಿಯವನು ಅವನನ್ನು ಮೇಲಿನಿಂದ ಕೆಳಗೆ ನೋಡಲು ಸ್ವಲ್ಪ ಹೊತ್ತು ತೆಗೆದುಕೊಂಡು, ಇದ್ದುದರಲ್ಲೇ ದೊಡ್ಡ ಕೋಟು ತಂದ. ಯಮನೂರನ ಬಲಗೈ ಒಂದು ಒಳಗೆ ಹೋಯಿತು, ಕೋಟು ಅಲ್ಲಿಗೆ ಮುಗಿಯಿತು. ಕೊಪ್ಪಳದಲ್ಲಿ ನಾಟಕದ ಡ್ರೆಸ್ ಬಾಡಿಗೆ ಕೊಡುವವನು, "ರಾಕ್ಷಸಂದು ಬೇಕಾದ್ರ ನಿಮ್ಮ ಅಳತಿಗೆ ಐತಿ ನೋಡ್ರಿ, ನಿಮ್ಮ ಸಲುವಾಗೇ ಹೊಲಿಸಿಟ್ಟೀನಿ" ಅಂದ. ಕೊನೆಗೆ ಗಂಗಾವತಿಯ ಟೇಲರ್ ಮೆಹರಾಜನ ಹತ್ತಿರ ಬಂದು ನಿಂತ. ಮೆಹರಾಜ ಸ್ಟೂಲು ಹತ್ತಿ ಭುಜದ ಅಳತೆ ತೆಗೆದ. ಟೇಪು ಸಾಲದೆ ಎಡಭುಜದ ಮೇಲೆ ಸುಣ್ಣದ ಗುರುತು ಹಾಕಿ, ಅಲ್ಲಿಂದ ಮತ್ತೆ ಶುರುಮಾಡಿದ.

"ಯಮನೂರಣ್ಣ, ಹೊಲಿಗಿ ದುಡ್ಡು ಬ್ಯಾಡ, ನಾಟಕದಾಗ ನನ್ನ ಹೆಸರು ಮೈಕಿನ್ಯಾಗ ಹೇಳ್ಸು ಸಾಕು. ಆದ್ರ ಬಟ್ಟಿ-ಅರಬಿ ನೀ ತರಬೇಕು. ಹಳೇ ಕಾಲದ ದಪ್ಪ ಅರಬಿ ಈಗ ಸಿಗೂದ ಕಷ್ಟ, ಸಿಕ್ರೂ ನಿನ್ನ ಮೈಗೆ ಆಗೂವಷ್ಟು ತಗೊಂಡ್ರ ಒಂದು ಎಮ್ಮಿ ಮಾರಬೇಕಾಗತೈತಿ."

ಮನೆಯಲ್ಲಿ ಇದ್ದದ್ದು ಒಂದೇ ಎಮ್ಮೆ, ಅದೂ ಗಬ್ಬ. ಯಮನೂರ ಬಂದು ಕಟ್ಟೆಯ ಮೇಲೆ ಕೂತ. ಕಟ್ಟೆ ನರಳಿತು.

ಆಗ ರೇಣುಕಾದೇವಿ ಅಂದಳು: "ನಮ್ಮಪ್ಪ ಪ್ರತಿವರ್ಷ ಗಂಟಿನ್ಯಾಗ ತರತಿದ್ದದ್ದು ಏನು ಅಂತ ಮಾಡೀರಿ? ಸೂಟಿನ ಅರಬೀನ. ಕೊಪ್ಪಳದಾಗ ಹಳೇ ಜವಳಿ ಅಂಗಡಿ ಮುಚ್ಚೂವಾಗ ಅಗ್ಗಕ್ಕ ಹಾಕಿದ್ರು. ಬೂದಿ ಬಣ್ಣ, ಸಣ್ಣ ಗೆರಿ, ಉಣ್ಣಿದು. ನಿಮ್ಮ ಅಳತೀನ ಕಣ್ಣಾಗ ಇಟಗೊಂಡ ಅರಬಿಯ ಇಡೀ ಥಾನ ತಂದಿದ್ದ."

ಯಮನೂರ ಕುಕನೂರಿಗೆ ಓಡಿದ. ಗವಿಸಿದ್ದಪ್ಪ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು. ಅವರು ಎತ್ತರದಲ್ಲಿ ಅಳಿಯನ ಸೊಂಟಕ್ಕಿಂತ ತುಸು ಮೇಲೆ, ಗತ್ತಿನಲ್ಲಿ ಅಳಿಯನಿಗಿಂತ ಬಹಳ ಮೇಲೆ.

"ಬಂದಾಗೊಮ್ಮೆ ನೀವು ಸತ್ತಿರತಿದ್ರಿ ಅಳಿಯಂದ್ರ" ಎಂದರು. "ಎಷ್ಟಂತ ಹೊತಗೊಂಡು ತಿರಗೂದು? ಹ್ವಾದ ವರ್ಷ ಕುಷ್ಟಗಿ ಬೀಗರ ಮದಿವ್ಯಾಗ ಆಯೇರಿ ಮಾಡಿಬಿಟ್ಟೆ."

ಕುಷ್ಟಗಿಯ ಬೀಗರು ಅದನ್ನು ಇಟ್ಟುಕೊಂಡಿರಲಿಲ್ಲ. ಇಲ್ಲಿನ ಬಿಸಿಲಿಗೆ ಉಣ್ಣೆಯ ಸೂಟು ಹೊಲಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಟ್ರ್ಯಾಕ್ಟರ್ ಸೀಟಿಗೆ ಬೇಕಾದಷ್ಟು ಒಂದು ತುಂಡು ಕತ್ತರಿಸಿಕೊಂಡು, ಉಳಿದದ್ದನ್ನು ಯಲಬುರ್ಗಾದ ಕಸ್ತೂರೆಮ್ಮನ ಮನೆಯ ಗೃಹಪ್ರವೇಶಕ್ಕೆ ಆಯೇರಿ ಮಾಡಿದ್ದರು. ಯಮನೂರ ಯಲಬುರ್ಗಾಕ್ಕೆ ಹೋದ.

ಕಸ್ತೂರೆಮ್ಮ ಗವಿಸಿದ್ದಪ್ಪನವರಿಗೆ ದೂರದ ಸಂಬಂಧ, ಶಾಸ್ತ್ರಕ್ಕೆ ಹತ್ತಿರದ ಸಂಬಂಧ. ಟ್ರಂಕು ತೆರೆದು ಅರಬಿ ತೋರಿಸಿದರು. ಯಮನೂರ ಅದನ್ನು ಮುಟ್ಟಿ ನೋಡಿದ. ಸಾಕ್ಷಾತ್ ಬ್ಯಾರಿಸ್ಟರನ ಮೈ ಮುಟ್ಟಿದ ಹಾಗಾಯಿತು. ಕಸ್ತೂರೆಮ್ಮ ಟ್ರಂಕು ಮುಚ್ಚಿದರು.

"ಕೇಳಿದ್ರ ಕೊಡಾಕ ಬರಂಗಿಲ್ಲಪಾ. ಆಯೇರಿ ಅರಬಿ ಆಯೇರಿಗೇ ಹೋಗಬೇಕು. ಸುಮ್ನ ಕೊಟ್ರ ಕೊಟ್ಟವರ ಮನಿಗೂ ಒಳ್ಳೇದಲ್ಲ, ಇಸಗೊಂಡವರ ಮನಿಗೂ ಒಳ್ಳೇದಲ್ಲ. ನಿಮ್ಮನ್ಯಾಗ ಏನರ ಕಾರ್ಯ ಐತೇನು?"

"ನಾಟಕ ಐತ್ರಿ ಯವ್ವಾ."

"ಅವತ್ತ ಬಂದು ಮಾಡತೀನಿ ತಗೋ."

"ಅವತ್ತ ಹಾಕ್ಕೊಂಡಿರಬೇಕ್ರಿ ಅದನ್ನ. ಹೊಲಿಯಾಕ ಹೊತ್ತು ಬೇಕಲ್ರಿ."

"ಹಂಗಾರ ಮದಿವಿ?"

"ಆಗೇತ್ರಿ."

"ತೊಟ್ಲ?"

"ಅದೂ ಮುಗದೈತ್ರಿ."

"ಮನ್ಯಾಗ ಯಾರರ ಬಸರಿ ಅದಾರೇನು?"

ಯಮನೂರ ಸುಳ್ಳು ಹೇಳುವವನಲ್ಲ. "ಎಮ್ಮಿ ಐತ್ರಿ" ಅಂದ.

ಕಸ್ತೂರೆಮ್ಮನ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಎಷ್ಟನೇ ತಿಂಗಳು?" ಎಂದು ಕೇಳಿದರು.

ಮರಳಿಯಲ್ಲಿ ಎಮ್ಮೆಗೆ ಕುಬಸ ನಡೆಯಿತು. ಬಸುರಿಗೆ ಮಾಡುವ ಶಾಸ್ತ್ರವನ್ನೆಲ್ಲ ಮಾಡಿದರು. ಕೋಡಿಗೆ ಹಸಿರು ಬಳೆ, ಹಣೆಗೆ ಕುಂಕುಮ, ಬೆನ್ನ ಮೇಲೆ ಇಳಕಲ್ ಸೀರೆ. ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರೂ ಬಂದು ಒಂದೊಂದು ರವಿಕೆಯ ಖಣ ಏರಿಸಿ, ಉಡಿ ತುಂಬಿ, ಸೋಬಾನೆ ಹಾಡಿದರು. ಎಮ್ಮೆ ಉಡಿಯಕ್ಕಿಯನ್ನು ಅಲ್ಲೇ ತಿಂದಿತು. ಅದರಿಂದ ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಬಯಕೆ ಅಂದರು. ಕಸ್ತೂರೆಮ್ಮ ಯಲಬುರ್ಗಾದಿಂದ ಮಡಿಯಾಗಿ ಬಂದು, ಎಮ್ಮೆಗೆ ಆರತಿ ಮಾಡಿ, ಸೂಟಿನ ಅರಬಿಯನ್ನು ಯಮನೂರನ ಕೈಗಿಟ್ಟು, ಹೋಳಿಗೆ ಉಂಡು ಹೋದರು.

ಮೆಹರಾಜ ಅರಬಿಯನ್ನು ಅಂಗಡಿಯಲ್ಲಿ ಹಾಸಲು ಜಾಗ ಸಾಲದೆ ರಸ್ತೆಯಲ್ಲಿ ಹಾಸಿದ. ಎರಡು ಆಟೋ ಸುತ್ತಿ ಬಳಸಿ ಹೋದವು. ಪ್ಯಾಂಟು ಆಯಿತು. ಜಾಕೀಟು ಆಯಿತು. ಕೋಟಿನ ಮುಂಭಾಗ, ತೋಳು, ಅಗಲ ಕಾಲರು ಎಲ್ಲ ಆಯಿತು. ಬೆನ್ನಿಗೆ ಬರುವಷ್ಟರಲ್ಲಿ ಅರಬಿ ಮುಗಿಯಿತು. ಯಮನೂರನ ಬೆನ್ನು ಕುಷ್ಟಗಿಯಲ್ಲಿ ಟ್ರ್ಯಾಕ್ಟರಿನ ಸೀಟಾಗಿ ಹೊಲ ಉಳುತ್ತಿತ್ತು.

"ಬೆನ್ನಿಗೆ ಏನರ ಹಚ್ಚಬೇಕು. ಮನ್ಯಾಗ ಏನೈತಿ?" ಎಂದ ಮೆಹರಾಜ.

ಮನೆಯಲ್ಲಿ ಇದ್ದದ್ದು ಎಮ್ಮೆಗೆ ಬಂದ ಖಣಗಳು. ಕೆಂಪು, ಹಸಿರು, ನೇರಳೆ, ಚುಕ್ಕಿಯವು, ಹೂವಿನವು. ರೇಣುಕಾದೇವಿ ಎಲ್ಲವನ್ನೂ ಕೊಟ್ಟಳು. ಮೆಹರಾಜ ಅವನ್ನು ಕೌದಿಯ ಹಾಗೆ ಕೂಡಿಸಿ ಬೆನ್ನು ಮಾಡಿದ. ಪಂಪಣ್ಣ ಮಾಸ್ತರು ಮುಂದಿನಿಂದ ನೋಡಿ ಕೈ ಮುಗಿದರು, ಹಿಂದಿನಿಂದ ನೋಡಿ ಕೂತುಬಿಟ್ಟರು. ಆಮೇಲೆ ಎದ್ದು ಹೇಳಿದರು: "ಬ್ಯಾರಿಸ್ಟರ್ ಅಂದ್ರ ಯಾರಿಗೂ ಬೆನ್ನು ತೋರಸಂಗಿಲ್ಲ. ತಿಳೀತಿಲ್ಲೋ?"

ತಿಳಿಯಿತು. ನಾಟಕದ ದಿನ ಯಮನೂರ ಸೂಟು ತೊಟ್ಟು ಬಂದು ನಿಂತಾಗ ಸೀಟಿ ಹೊಡೆಯಲು ಬಾಯಿಗೆ ಬೆರಳಿಟ್ಟವರು ಬೆರಳು ತೆಗೆಯುವುದನ್ನು ಮರೆತರು. ನಿಜಾಮನೇ ನೋಡಿದ್ದರೂ ಎದ್ದು ನಿಲ್ಲುತ್ತಿದ್ದ. ಬ್ಯಾರಿಸ್ಟರ್ ವಾದ ಮಾಡಿದ, ಗುಡುಗಿದ, ಬಡ ಹೆಣ್ಣುಮಗಳ ಕಣ್ಣೊರೆಸಿದ. ಸೀನು ಮುಗಿದಾಗಲೆಲ್ಲ ಹಿಮ್ಮುಖವಾಗಿ ನಡೆದು ವಿಂಗಿನೊಳಗೆ ಹೋದ. "ಕೋರ್ಟಿಗೆ ಎಷ್ಟ ಮರ್ಯಾದಿ ಕೊಡತಾನ ನೋಡ್ರಿ, ಹೈದರಾಬಾದಿನ ರಿವಾಜು ಇದು" ಎಂದು ಮುದುಕರು ಒಬ್ಬರಿಗೊಬ್ಬರು ಹೇಳಿಕೊಂಡರು. ಕಾಳಿಂಗನಾದ ಮಾಂತೇಶ ಕನಸಿನಲ್ಲಿ ಒಂದು ಸಲ ಸತ್ತ, ನಿಜವಾಗಿ ಇನ್ನೊಂದು ಸಲ ಸತ್ತು ಸ್ಟೇಜಿನ ಮೂಲೆಯಲ್ಲಿ ಬಿದ್ದ. ಯಮನೂರ ಬದುಕಿದ್ದ. ಮುಂದಿನ ಸಾಲಿನಲ್ಲಿ ರೇಣುಕಾದೇವಿ ಕೂತೇ ಇದ್ದಳು.

ಮೂಡಲ ಕೆಂಪಾಗುವ ಹೊತ್ತಿಗೆ ಗವಿಸಿದ್ದಪ್ಪ ಬಂದರು. ರೂಢಿಯಂತೆ ನೇರ ಹೋಗಿ ಹೆಣದ ಮುಖ ನೋಡಿದರು. ಅಲ್ಲಿ ಮಾಂತೇಶನಿದ್ದ. ತಲೆ ಎತ್ತಿ ನೋಡಿದರು. ಇನ್ನೂ ಎತ್ತಿ ನೋಡಿದರು. ಅಲ್ಲಿ, ಬಹಳ ಮೇಲೆ, ತಾವು ಕೊಂಡ ಬೂದಿ ಬಣ್ಣದ ಅರಬಿಯ ತುದಿಯಲ್ಲಿ ಅಳಿಯನ ಮುಖವಿತ್ತು.

"ಅಳಿಯಂದ್ರ, ಈ ಸಲ ನೀವು ಸತ್ತಿಲ್ಲೇನು?"

"ಇಲ್ರಿ ಮಾವಾರ."

ಮೈಕಿನವನು, "ಕುಕನೂರು ಗವಿಸಿದ್ದಪ್ಪನವರಿಂದ ಬ್ಯಾರಿಸ್ಟರ್ ಪಾತ್ರಧಾರಿಗೆ ಆಯೇರಿ!" ಎಂದು ಕೂಗಿಬಿಟ್ಟ. ಗವಿಸಿದ್ದಪ್ಪನವರ ಕೈ ಖಾಲಿ ಇತ್ತು. ಏನೇ ಪಾರ್ಟಾದರೂ ಹೇಗೂ ಸತ್ತಿರುತ್ತಾನೆ ಎಂದು ಈ ಸಲ ಏನನ್ನೂ ತಂದಿರಲಿಲ್ಲ. ಊರೆಲ್ಲ ನೋಡುತ್ತಿತ್ತು. ಗವಿಸಿದ್ದಪ್ಪ ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಯಾರೂ ಬರಿದಾಗಿ ನೋಡಿರದ ತಮ್ಮ ತಲೆಯಿಂದ ಹಳದಿ ರುಮಾಲು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದರು. ಅದು ಅಳಿಯನ ಜಾಕೀಟಿನ ಗುಂಡಿಯವರೆಗೆ ಮುಟ್ಟಿತು.

ಯಮನೂರ ಮಾಸ್ತರ ಕಡೆ ನೋಡಿದ. ಮಾಸ್ತರು ಬೇಡ ಬೇಡವೆಂದು ಕೈ ಆಡಿಸಿದರು. ಮಾವನ ಕಡೆ ನೋಡಿದ. ಮಾವನ ಬೋಳು ತಲೆ ಬೆಳಗಿನ ಬೆಳಕಿಗೆ ಮಿಂಚುತ್ತಿತ್ತು. ಯಮನೂರ ಮಂಡಿಯೂರಿ ಬಗ್ಗಿದ.

ಅವನು ಬಗ್ಗಿದ್ದಕ್ಕೆ ಬೆನ್ನು ಸಿನಿಮಾದ ಪರದೆಯ ಹಾಗೆ ಊರ ಮುಂದೆ ತೆರೆದುಕೊಂಡಿತು. ಕೆಂಪು, ಹಸಿರು, ನೇರಳೆ, ಚುಕ್ಕಿ, ಹೂವು. ಹೆಂಗಸರ ಕಡೆಯಿಂದ ಓಣಿಯ ದುರುಗವ್ವನ ದನಿ ಬಂತು:

"ಅಯ್ಯ, ಆ ಚುಕ್ಕಿದು ನಾ ಎಮ್ಮಿಗೆ ಕೊಟ್ಟ ಖಣ!"

"ಹಸರದ್ದು ನಂದಬೇ!"

"ನೋಡು, ನಂದ ನಟ್ಟ ನಡುವ ಐತಿ!"

ನಟ್ಟ ನಡುವೆ ಬಂದವಳಿಗೆ ಆ ಗತ್ತು ಇವತ್ತಿಗೂ ಇಳಿದಿಲ್ಲ. ಗವಿಸಿದ್ದಪ್ಪ ಇದಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಬ್ಯಾರಿಸ್ಟರನ ತಲೆಗೆ ಸುತ್ತು ಸುತ್ತಾಗಿ ರುಮಾಲು ಸುತ್ತುತ್ತಿದ್ದರು. ಅದು ಅರ್ಧ ತಲೆಗೇ ಮುಗಿಯಿತು. ಪಂಪಣ್ಣ ಮಾಸ್ತರು ಮೈಕು ಕಸಿದುಕೊಂಡು, "ಬ್ಯಾರಿಸ್ಟರ್ ಸಾಹೇಬರು ಬಡ ಹೆಣ್ಣುಮಕ್ಕಳ ಭಾರ ಬೆನ್ನ ಮ್ಯಾಲ ಹೊತ್ತಾರ, ಅದಕ್ಕ ಹಂಗೈತಿ!" ಎಂದರು. ಜನ ಚಪ್ಪಾಳೆ ಹೊಡೆದರು. ಮೆಹರಾಜನ ಹೆಸರನ್ನೂ ಹೇಳಲಾಯಿತು.

ಆಗ ಸ್ಟೇಜಿನ ಮೂಲೆಯಲ್ಲಿ ಸತ್ತು ಬಿದ್ದಿದ್ದ ಮಾಂತೇಶ ಮೆಲ್ಲಗೆ ಒಂದು ಕಣ್ಣು ತೆರೆದು, "ನಮ್ಮ ಮಾವ ಕನಕಗಿರಿಯಿಂದ ಬಂದಾನೇನ್ರಿ?" ಎಂದು ಕೇಳಿದ.

ಬಂದಿದ್ದರು. ಅಳಿಯ ಸತ್ತದ್ದನ್ನು ನೋಡಿ, ತಂದಿದ್ದ ಪ್ಯಾಂಟ್ ಪೀಸನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ಮೊದಲನೇ ಬಸ್ಸಿಗೇ ಹೋಗಿದ್ದರು. ಆ ಪೀಸು ಈ ಹೊತ್ತಿಗೆ ಕೈಯಿಂದ ಕೈಗೆ ಆಯೇರಿಯಾಗಿ ಕುಷ್ಟಗಿ ದಾಟಿರಬೇಕು.