ಮೊಳೆ ಹೊಡೆಯದ ಮರಗಳು

ಒಂದು ಮರದ ಬಗ್ಗೆ ನಮ್ಮಾಕೆಯ ಮುಂದೆ ಎಂಟು ವರ್ಷ ಬಡಾಯಿ ಕೊಚ್ಚಿದ್ದೆ. ಹೊನ್ನಾಳಿ ಹತ್ತಿರ ಹೊಳೆಯ ನಡುಗಡ್ಡೆಯಲ್ಲಿ, ನವಾಬರ ಕಾಲದಲ್ಲಿ ದೇಶವಿದೇಶದ ಗಿಡ ತರಿಸಿ ಬೆಳೆಸಿದ ತೋಟವಿದೆಯಲ್ಲ, ಅಲ್ಲಿಯ ಮರ. ಅದರ ಅಂಟು ಥೇಟ್ ಲೋಬಾನದ ವಾಸನೆ.

"ಬರೀ ಬಾಯಲ್ಲೇ ತೋರಿಸ್ತೀರೋ?" ಎಂದು ಅವಳು ಚುಚ್ಚಿದ ಮೇಲೆ, ಕಳೆದ ಭಾನುವಾರ ಚನ್ನಗಿರಿಯಲ್ಲಿ ಬಸ್ಸು ಹತ್ತಿಸಿದೆ. (ಯುದ್ಧ ಬಂದ ಮೇಲೆ ಪೆಟ್ರೋಲು ಎಲ್ಲಿ? ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನಲ್ಲಿ ಓಡುವ ಬಸ್ಸು. ಏರು ಬಂದರೆ ನಾವೇ ತಳ್ಳಬೇಕು.)

ಹರಿಗೋಲು ಇಳಿದು ನೋಡಿದರೆ ಮರವಿಲ್ಲ, ಬುಡ ಮಾತ್ರ. ಅದೊಂದೇ ಅಲ್ಲ, ಅರ್ಧ ತೋಟವೇ ಬಯಲಾಗಿತ್ತು.

ತೋಟದ ಮಾಲಿ ಬುಡೇನ್ ಸಾಬರು ಇದ್ದರು. ಕಣ್ಣು ಮಂಜಾಗಿದೆ, ನನ್ನ ಗುರುತು ಹತ್ತಲಿಲ್ಲ. ಏನಾಯಿತು ಎಂದು ಕೇಳಿದೆ.

"ಸರ್ಕಾರದೋರು ಇದ್ದಿಲಿಗೆ ಕಡಿಸಿದ್ರು ರೀ. ಲಿಸ್ಟಿನಾಗೆ ಕಾಡುಮರ ಅಂತ ಐತಂತೆ. ಹಿಂದೆ ಗುಮಾಸ್ತರೊಬ್ಬರು ಬರಕಂಡು ಹೋಗಿದ್ರು. ಒಂದೊಂದರ ಹೆಸರೂ ಬಾಯಾಗೆ ಹೇಳಿದ್ದೆ. ಪಾಪ, ಅವರಿಗೆ ಏನು ಅವಸರ ಇತ್ತೋ."

ಆ ಗುಮಾಸ್ತ ನಾನೇ.

ಎಂಟು ವರ್ಷದ ಹಿಂದೆ ಹೊನ್ನಾಳಿ ಕಚೇರಿಯಲ್ಲಿದ್ದೆ. ಮರಗಳ ಪಟ್ಟಿ ಮಾಡಿಕೊಂಡು ಬಾ ಎಂದು ಸಾಹೇಬರು ಕಳಿಸಿದರು. ಹೆಸರಿನ ತಗಡನ್ನು ಮೊಳೆ ಹೊಡೆದು ಕೂರಿಸಿದ್ದ ಮರಗಳನ್ನು ನೋಡಿ ಬರೆದೆ. ಆದರೆ ಸಾಬರ ಅಜ್ಜ ಮುತ್ತಜ್ಜಂದಿರು ನೆಟ್ಟ ಮರಗಳಿಗೆ ತಗಡೇ ಇರಲಿಲ್ಲ. "ಜೀವ ಇರೋ ಮೈಗೆ ಮೊಳೆ ಹೊಡೀತಾರೇನ್ರಿ? ನಾ ಹೇಳ್ತೀನಿ, ಬರಕೊಳ್ರಿ" ಎಂದು ನನ್ನ ಅಂಗೈಗೆ ಲೋಬಾನದ ಮರದ ಅಂಟು ಹಚ್ಚಿದ್ದರು. ಮೂಸಿದೆ, ಆಹಾ ಎಂದೆ. ಅತ್ತ ಹರಿಗೋಲಿನವನು ಕೂಗುತ್ತಿದ್ದ. ತಗಡಿಲ್ಲದ್ದಕ್ಕೆಲ್ಲ ಒಂದೇ ಗೆರೆಯಲ್ಲಿ 'ಕಾಡುಮರ' ಎಂದು ಗೀಚಿ ಕೈತೊಳೆದುಕೊಂಡೆ.

ಮೊಳೆ ತಿಂದ ಮರಗಳು ಉಳಿದಿವೆ. ಸಾಬರು ಮುದ್ದು ಮಾಡಿದವು ಹೋದವು. ಕಚೇರಿಯವರಿಗೆ ಕಣ್ಣಿಲ್ಲ, ಕಿವಿಯಿಲ್ಲ ಎಂದು ಪತ್ರಿಕೆಯ ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು?

"ಅದು ನಾನೇ ಸಾಬರೇ" ಎನ್ನಲು ಹೊರಟೆ. "ಹರಿಗೋಲಿಗೆ ಹೊತ್ತಾಯಿತು" ಎಂದುಬಿಟ್ಟೆ. ನಮ್ಮಾಕೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಅದಕ್ಕಿಂತ ನಾಚಿಕೆ ಬೇರೆ ಬೇಕೆ? ಈಗ ನಿಮ್ಮೆದುರು ಒಪ್ಪಿಕೊಳ್ಳುತ್ತಿದ್ದೇನೆ. (ಸಾಬರಿಗೆ ಓದು ಬರುವುದಿಲ್ಲ ಎಂಬ ಧೈರ್ಯ.)

ಸಂಜೆ ಹೊನ್ನಾಳಿಯಲ್ಲಿ ಡ್ರೈವರು ಬಸ್ಸಿನ ಒಲೆಗೆ ಇದ್ದಿಲು ಸುರಿಯುತ್ತಿದ್ದ. ಯಾವ ಮರದ್ದೆಂದು ಕೇಳದೆ ಹತ್ತಿ ಕುಳಿತೆ.

ನೀವಾದರೆ ಕೇಳುತ್ತಿದ್ದಿರಾ?