ಎದೆಯ ತೂತಿಗೆ ಮಾತು ಹುಡುಕುವ ಚಾಲಕ

ಬೆಳಗಿನ ಐದೂವರೆ. ಮರಾಠಿ ನಾಡಿನ ಗಡಿಯೂರು ತಿಕೋಂಡಿಯ ಹೊರಗಿನ ಹೊಲದಲ್ಲಿ ಕುರಿಗಳು ಇನ್ನೂ ದಡ್ಡಿ ಬಿಟ್ಟು ಎದ್ದಿಲ್ಲ. ದಾರಿಯ ಬದಿಯಲ್ಲಿ ನಿಂತ ಬಿಳಿ ಜೀಪಿನ ಮುಂದಿನ ಗಾಜನ್ನು ಮಲ್ಲಿನಾಥ ಹಳೆಯ ಬನಿಯನ್ನಿನ ತುಂಡಿನಿಂದ ಒರೆಸುತ್ತಿದ್ದಾರೆ. ಗಾಜು ಆಗಲೇ ಸ್ವಚ್ಛವಾಗಿದೆ. ಆದರೂ ಒರೆಸುತ್ತಿದ್ದಾರೆ. ಕಣ್ಣು ಮಾತ್ರ ನೂರು ಹೆಜ್ಜೆ ಆಚೆಗಿನ ಗುಡಾರದ ಮೇಲಿದೆ. ಅಲ್ಲಿಂದ ಐದು ವರ್ಷದ ಕಾಜಲ್ ಹೊರಗೆ ಬರಬೇಕು. ಎಂಟು ತಿಂಗಳ ಹಿಂದೆ ಇದೇ ಹುಡುಗಿಗಾಗಿ ಇದೇ ಜಾಗಕ್ಕೆ ಬಂದು, ಖಾಲಿ ಜೀಪು ತಿರುಗಿಸಿಕೊಂಡು ಹೋಗಿದ್ದರು.

ಕೊನೆಗೂ ಗುಡಾರದ ಪರದೆ ಸರಿಯುತ್ತದೆ. ಮೊದಲು ಅಜ್ಜಿ ಸಾವಿತ್ರವ್ವ, ಅವರ ಸೆರಗು ಹಿಡಿದ ಕಾಜಲ್, ಹಿಂದೆ ಚೀಲ ಹೊತ್ತ ಅಪ್ಪ ಬೀರು.

"ತಿಕ್ಕಿ ತಿಕ್ಕಿ ಗಾಜಿಗೂ ತೂತ ಕೆಡವೀಯೋ ತಮ್ಮಾ, ಬರಾಕತ್ತೀವಿ" ಎನ್ನುತ್ತಾರೆ ಸಾವಿತ್ರವ್ವ.

ಮಲ್ಲಿನಾಥ ಬಟ್ಟೆಯನ್ನು ಸೀಟಿನ ಕೆಳಗೆ ತುರುಕಿ ಬಾಗಿಲು ತೆರೆಯುತ್ತಾರೆ.

ನಲವತ್ನಾಲ್ಕರ ಮಲ್ಲಿನಾಥ ವಳಸಂಗದವರು. ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ತಂಡದ ಗಾಡಿಗೆ ಒಂಬತ್ತು ವರ್ಷಗಳಿಂದ ಚಾಲಕರು. ಕೆಲಸ ಕಾಯಂ ಅಲ್ಲ, ಹನ್ನೊಂದು ತಿಂಗಳಿಗೊಮ್ಮೆ ಹೊಸ ಆರ್ಡರ್ ಬರಬೇಕು. ದಿನಕ್ಕೆ ಎರಡು ಊರು, ನೂರರಿಂದ ನೂರಾ ಇಪ್ಪತ್ತು ಮಕ್ಕಳು. ತೂಕದ ಯಂತ್ರ ಇಳಿಸುವುದು, ಎತ್ತರ ಅಳೆಯುವ ಕೋಲು ನಿಲ್ಲಿಸುವುದು, ಅಳುವ ಮಗುವಿಗೆ ಹಾರ್ನ್ ಒತ್ತಲು ಕೊಡುವುದು, ಎಲ್ಲ ಅವರದೇ. ಹೊಂಡ ಬಿದ್ದ ದಾರಿಗಳು ಸೊಂಟಕ್ಕೆ ಪಟ್ಟಿ ಕಟ್ಟಿಸಿವೆ.

ಆದರೆ ಯಾವ ಆರ್ಡರಿನಲ್ಲೂ ಬರೆಯದ ಇನ್ನೊಂದು ಕೆಲಸ ಅವರ ಪಾಲಿಗೆ ಬಂದಿದೆ. ತಂಡದ ಡಾಕ್ಟರ್ ಮ್ಯಾಡಮ್ ಅವರಿಗೆ ಕನ್ನಡ ಬಾರದು. ಗಡಿಯ ಈ ಊರುಗಳಲ್ಲಿ ಪೇಟೆಗೆ ಹೋಗಿಬರುವವರಿಗೆ ಮರಾಠಿ ಸಲೀಸು. ಆದರೆ ಕುರಿ ಹಿಂದೆಯೇ ಬಾಳು ಕಳೆದ ಹಿರಿಯರಿಗೆ ಆಸ್ಪತ್ರೆಯ ಮರಾಠಿ ಅರ್ಥವಾಗುವುದಿಲ್ಲ. ನಡುವೆ ನಿಲ್ಲುವವರು ಮಲ್ಲಿನಾಥ. "ಏಳನೇತ್ತಾ ತನಾ ಕನ್ನಡ ಸಾಲಿ, ಆಮ್ಯಾಲೆ ಜತ್ತ ಪ್ಯಾಟ್ಯಾಗ ಮರಾಠಿ. ಎರಡೂ ಅರ್ಧರ್ಧ ಬರ್ತಾವ್ರಿ. ಆ ಅರ್ಧದಾಗ ಮಂದಿ ಜೀವ ಐತಿ ಅಂತ ಆವಾಗ ಗೊತ್ತಿರಲಿಲ್ಲ" ಎನ್ನುತ್ತಾರೆ.

ಇಷ್ಟು ವರ್ಷಗಳಲ್ಲಿ ತಂಡದ ತಪಾಸಣೆಯಲ್ಲಿ ಮೂವತ್ತೊಂದು ಮಕ್ಕಳ ಹೃದಯದಲ್ಲಿ ತೂತು ಪತ್ತೆಯಾಗಿದೆ. ಕೆಲವು ತಾವೇ ಮುಚ್ಚಿಕೊಂಡವು. ಕೆಲವರಿಗೆ ಎದೆ ತೆರೆದು ಶಸ್ತ್ರಚಿಕಿತ್ಸೆ ಆಯಿತು. ಹದಿನಾಲ್ಕು ಮಕ್ಕಳಿಗೆ ಎದೆ ಮುಟ್ಟದೆಯೇ ಕೆಲಸ ಮುಗಿಯಿತು. ತೊಡೆಯ ಸಂದಿನ ರಕ್ತನಾಳಕ್ಕೆ ಸೂಜಿ ಚುಚ್ಚಿ, ಅದರೊಳಗಿಂದ ತೆಳುವಾದ ನಳಿಕೆಯೊಂದನ್ನು ಹೃದಯದ ತನಕ ತೂರಿಸುತ್ತಾರೆ. ನಳಿಕೆಯಲ್ಲಿ ಮಡಿಚಿಟ್ಟ ಸಣ್ಣ ತಂತಿಯ ಬಲೆ ತೂತಿನ ಎರಡೂ ಬದಿಗೆ ಬಿಲ್ಲೆಯಂತೆ ಅರಳಿ ಅದನ್ನು ಮುಚ್ಚುತ್ತದೆ. ಎಲ್ಲ ತೂತಿಗೂ ಈ ದಾರಿ ಒದಗುವುದಿಲ್ಲ. ಬಲೆ ಹಿಡಿದು ನಿಲ್ಲಲು ಸುತ್ತ ಗಟ್ಟಿ ಅಂಚು ಬೇಕು. ಕಾಜಲ್‌ಗೆ ಅಂಚು ಇತ್ತು, ಆದರೆ ಒಂದು ಬದಿಯಲ್ಲಿ ಕಷ್ಟಪಟ್ಟು ಸಾಲುವಷ್ಟು. ಹೃದಯ ಹಿಗ್ಗಿ ತೂತು ಅಗಲವಾದರೆ ಎದೆ ತೆರೆಯಬೇಕಾದೀತು, ತಡ ಮಾಡಬೇಡಿ ಎಂದಿದ್ದರು ಮೊದಲ ಸ್ಕ್ಯಾನ್ ನೋಡಿದ ದೊಡ್ಡಾಸ್ಪತ್ರೆಯ ಡಾಕ್ಟರರು.

ತಡವಾಯಿತು. ಅದಕ್ಕೆ ಕಾರಣ ತಾವೇ ಎಂದು ಮಲ್ಲಿನಾಥ ಯಾರೂ ಕೇಳದಿದ್ದರೂ ಹೇಳುತ್ತಾರೆ.

ಎಂಟು ತಿಂಗಳ ಹಿಂದೆ ಮ್ಯಾಡಮ್ ಮರಾಠಿಯಲ್ಲಿ ಎಲ್ಲ ವಿವರಿಸಿದ್ದರು. ಮಲ್ಲಿನಾಥ ಅದನ್ನು ಸಾವಿತ್ರವ್ವನಿಗೆ ಕನ್ನಡದಲ್ಲಿ ದಾಟಿಸಿದ್ದರು. ಒಂದೇ ಒಂದು ಮಾತನ್ನು ಮರಾಠಿಯಲ್ಲೇ ಬಿಟ್ಟರು. "ಎದ್ಯಾಗ ಜಾಳಿ ಕುಂದ್ರಸ್ತಾರ." ಮರಾಠಿಯಲ್ಲಿ ಜಾಳಿ ಎಂದರೆ ಬಲೆ. ಸಾವಿತ್ರವ್ವನ ಕಿವಿಗೆ ಬಿದ್ದದ್ದು ಜಾಲಿ. ಕುರಿಯ ಗೊರಸಿನಲ್ಲಿ ಮುರಿದು ಕೂತು ಕೀವು ಮಾಡುವ ಜಾಲಿಯ ಮುಳ್ಳನ್ನು ಪಿನ್ನಿನಿಂದ ಕೆದಕಿ ತೆಗೆಯುತ್ತಲೇ ಅರವತ್ತು ದಾಟಿದ ಹೆಂಗಸು. ಆಕೆ ಹೂಂ ಎಂದು ಎದ್ದರು. ಮರುದಿನ ಬೆಳಿಗ್ಗೆ ಗುಡಾರವಿದ್ದ ಜಾಗದಲ್ಲಿ ಹಿಕ್ಕೆ ಮತ್ತು ಬೂದಿ ಮಾತ್ರ ಇದ್ದವು. ಮಂದೆ ವಿಜಯಪುರದ ಕಡೆ ಹೋಗಿತ್ತು. ಬೀರು ಫೋನ್ ಎತ್ತಲಿಲ್ಲ.

ಕೊಯ್ಯುವುದಕ್ಕೆ ಹೆದರಿದರು ಎಂದೇ ಎಲ್ಲರೂ ತಿಳಿದರು. ಮಲ್ಲಿನಾಥರೂ ಹಾಗೆಯೇ ತಿಳಿದರು. ಆದರೂ ಮನಸ್ಸು ತಡೆಯಲಿಲ್ಲ. ರಜೆ ಸಿಕ್ಕ ಭಾನುವಾರಗಳಲ್ಲಿ ಮೋಟರ್ ಸೈಕಲ್ ಹತ್ತಿ ಗಡಿಯಾಚೆಯ ಹೊಲಗಳಲ್ಲಿ ಮಂದೆ ಕೇಳುತ್ತ ಅಲೆದರು. ಮಂದೆ ಸಿಕ್ಕಿದ್ದು ಬೇಸಿಗೆ ಮುಗಿಯುವ ಹೊತ್ತಿಗೆ.

"ಯಾಕ ಬಂದಿ? ಕೂಸಿನ ಎದ್ಯಾಗ ಮುಳ್ಳ ಇಡೂದು ಇನ್ನೂ ಬಿಟ್ಟಿಲ್ಲೇನು?" ಎಂದರಂತೆ ಸಾವಿತ್ರವ್ವ.

"ಯಾವ ಮುಳ್ಳಬೇ?"

"ನಿನ್ನ ಬಾಯಿಲೇ ಹೇಳಿದೆಲ್ಲೋ, ಜಾಲಿ ಕುಂದ್ರಸ್ತಾರಂತ!"

ಮಲ್ಲಿನಾಥ ಅಲ್ಲಿಯೇ ಮಣ್ಣಿನಲ್ಲಿ ಕುಳಿತುಬಿಟ್ಟರು. ನಗು ಬರಬೇಕಾದ ಮಾತು, ಅವರಿಗೆ ನಗು ಬರಲಿಲ್ಲ. ಪಕ್ಕದಲ್ಲಿ ಕಾಜಲ್ ಒಂದು ಮರಿಯ ಹಿಂದೆ ಓಡಿ ಹತ್ತು ಹೆಜ್ಜೆಗೆ ಉಸಿರು ಕಟ್ಟಿ ನಿಂತಿದ್ದಳು.

ಆಗ ಅವರ ಕಣ್ಣಿಗೆ ಬಿದ್ದದ್ದು ಸಾವಿತ್ರವ್ವನ ಹೆಗಲ ಮೇಲಿನ ಕಂಬಳಿ. ಅದರ ಮೂಲೆಯಲ್ಲೊಂದು ತೇಪೆ. "ಇದನ್ನ ಹೆಂಗ ಹಚ್ಚೀರಿ?" ಎಂದು ಕೇಳಿದರು. "ಮ್ಯಾಲೊಂದು ತುಣುಕ, ಕೆಳಗೊಂದು ತುಣುಕ, ನಡುವ ಹೊಲಿಗಿ" ಎಂದರು ಅಜ್ಜಿ. "ಹಂಗ ಯವ್ವಾ. ಎದೀ ಗ್ವಾಡಿಗೆ ಈ ಮಗ್ಗಲ ಒಂದು, ಆ ಮಗ್ಗಲ ಒಂದು ತ್ಯಾಪಿ. ಆರು ತಿಂಗಳದಾಗ ಮ್ಯಾಲೆ ಮಾಂಸ ಬೆಳದು, ತ್ಯಾಪಿ ಇದ್ದದ್ದ ಗೊತ್ತಾಗಂಗಿಲ್ಲ." ಸಾವಿತ್ರವ್ವ ಬಹಳ ಹೊತ್ತು ಕಂಬಳಿಯ ಮೂಲೆಯನ್ನು ಬೆರಳಿನಿಂದ ತಿಕ್ಕಿದರು. "ಅದನ್ನ ಆವಾಗ ಹೇಳಾಕ ನಿನಗ ಏನಾಗಿತ್ತು?" ಎಂದರು.

ಅಂದಿನಿಂದ ಮಲ್ಲಿನಾಥ ಒಂದು ರೂಢಿ ಹಾಕಿಕೊಂಡಿದ್ದಾರೆ. ಏನೇ ದಾಟಿಸಿದರೂ ಕೇಳಿದವರ ಬಾಯಿಂದ ಅದನ್ನು ಮತ್ತೆ ಹೇಳಿಸುತ್ತಾರೆ. "ಎಲ್ಲಾರೂ ಹೂಂ ಅಂತಾರ್ರಿ. ಹೂಂ ಅಂದ್ರ ತಿಳೀತಂತಲ್ಲ. ಸುಮ್ಮನ ಹೇಳಾಂವ ಹೋಗಲಿ ಅಂತ ಅರ್ಥ." ಇದರಿಂದ ಒಂದು ಶಾಲೆಗೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಮ್ಯಾಡಮ್ ಗಡಿಯಾರ ನೋಡುತ್ತಾರೆ, ಏನೂ ಅನ್ನುವುದಿಲ್ಲ.

ಇಂದು ಜೀಪು ಜತ್ತ ದಾಟಿ ದೊಡ್ಡಾಸ್ಪತ್ರೆಯ ದಾರಿ ಹಿಡಿಯುತ್ತದೆ. ನಾಲ್ಕು ತಾಸಿನ ಹಾದಿ. ಕಾಜಲ್ ಎಂಟು ಸಲ ಹಾರ್ನ್ ಒತ್ತುತ್ತಾಳೆ. ಆಸ್ಪತ್ರೆಯಲ್ಲಿ ಮಧ್ಯಾಹ್ನ ಹೊಸದಾಗಿ ಸ್ಕ್ಯಾನ್. ಎಂಟು ತಿಂಗಳಲ್ಲಿ ಅಂಚು ಉಳಿದಿದೆಯೋ ಇಲ್ಲವೋ ಅದರಲ್ಲಿ ತಿಳಿಯಬೇಕು. ಕತ್ತಲ ಕೋಣೆಯಲ್ಲಿ ಡಾಕ್ಟರರು ಪರದೆಯ ಮೇಲೆ ಅಳೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಅಳೆಯುತ್ತಾರೆ. ಸಾವಿತ್ರವ್ವ ಪರದೆಯನ್ನೂ ನೋಡುತ್ತಿಲ್ಲ, ಡಾಕ್ಟರರನ್ನೂ ನೋಡುತ್ತಿಲ್ಲ. ಮಲ್ಲಿನಾಥರ ಮುಖವನ್ನೇ ನೋಡುತ್ತಿದ್ದಾರೆ.

ಡಾಕ್ಟರರು ಮರಾಠಿಯಲ್ಲಿ ಎರಡು ವಾಕ್ಯ ಹೇಳುತ್ತಾರೆ. ಮಲ್ಲಿನಾಥ ಕೂಡಲೇ ದಾಟಿಸುವುದಿಲ್ಲ. ಸರಿಯಾಗಿ ತಿಳಿಯಿತೇ ಎಂದು ತಾವೇ ಡಾಕ್ಟರರನ್ನು ತಿರುಗಿ ಕೇಳುತ್ತಾರೆ, ಅವರು ತಲೆಯಾಡಿಸುತ್ತಾರೆ. ಆಮೇಲೆ ಅಜ್ಜಿಗೆ ಹೇಳುತ್ತಾರೆ: "ತೂತ ಒಂಚೂರು ದೊಡ್ಡದಾಗೇತಿ ಯವ್ವಾ. ಆದ್ರ ಅಂಚ ಇನ್ನೂ ಐತಿ. ನಾಳೆ ಮುಂಜಾನೆ ತ್ಯಾಪಿ ಹಚ್ಚತಾರ. ಎದಿ ಕೊಯ್ಯಂಗಿಲ್ಲ." ಅಜ್ಜಿಯ ಬಾಯಿಂದ ಅದನ್ನು ತಿರುಗಿ ಹೇಳಿಸಿದ ಮೇಲೆ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗುತ್ತಾರೆ.

ಮರುದಿನ ಬೆಳಿಗ್ಗೆ ಒಂದೂವರೆ ತಾಸಿನಲ್ಲಿ ಕೆಲಸ ಮುಗಿಯುತ್ತದೆ. ಮಂಪರಿನಿಂದ ಎದ್ದ ಕಾಜಲ್ ಎದೆ ಮುಟ್ಟಿ ನೋಡಿಕೊಳ್ಳುತ್ತಾಳೆ. ಪಟ್ಟಿ ಇರುವುದು ತೊಡೆಯ ಸಂದಿಯಲ್ಲಿ. ಡಾಕ್ಟರರು ಜಾಗ ತಪ್ಪಿದರೇನೋ ಎಂಬಂತೆ ಅಪ್ಪನ ಮುಖ ನೋಡುತ್ತಾಳೆ. ಬೀರು ಎರಡು ದಿನದಲ್ಲಿ ಮೊದಲ ಸಲ ನಗುತ್ತಾರೆ.

ಮನೆಗೆ ಕಳಿಸುವ ದಿನ ಮಲ್ಲಿನಾಥ ಮತ್ತೆ ಜೀಪು ತಂದಿದ್ದಾರೆ. ನರ್ಸ್ ಹೇಳಿದ್ದನ್ನೆಲ್ಲ ದಾಟಿಸಿ, "ಈಗ ನೀವು ಹೇಳ್ರಿ ನೋಡೂಣು" ಎನ್ನುತ್ತಾರೆ. ಸಾವಿತ್ರವ್ವ ಬೆರಳು ಮಡಿಚುತ್ತಾರೆ. "ಆರು ತಿಂಗಳ ದಿನಾ ಒಂದು ಗುಳಿಗಿ. ಒಂದು ತಿಂಗಳ ಓಡೂದು, ಗಿಡಾ ಹತ್ತೂದು ಇಲ್ಲ. ಜ್ವರ ಬಂದ್ರ ಫೋನ್. ಕರದ ದಿನ ತೋರಸಾಕ ಬರಬೇಕು. ಗುದ್ದೂ ಟಗರಿನ ಹತ್ತರ ಬಿಡಬಾರದು."

"ಟಗರಿಂದು ನರ್ಸಕ್ಕಾರು ಹೇಳಿಲ್ಲಲ್ರೀ?"

"ಆಕಿಗೆ ಟಗರಿನ ಸುದ್ದಿ ಏನ ಗೊತ್ತು? ಅದನ್ನ ಆಕಿಗೆ ನೀ ಮರಾಠಿಯಾಗ ಹೇಳು." ಮಲ್ಲಿನಾಥ ಹೇಳುತ್ತಾರೆ. ನರ್ಸ್ ಗಂಭೀರವಾಗಿ, ಸರಿ, ಅದೂ ಸೇರಿತು ಎನ್ನುತ್ತಾರೆ.

ಕಾಜಲ್ ಈ ವರ್ಷ ಊರ ಶಾಲೆಗೆ ಸೇರುತ್ತಾಳೆ. ಅಜ್ಜಿ ಈ ಸಲ ಮಂದೆಯ ಜೊತೆ ಹೋಗದೆ ಅವಳೊಂದಿಗೆ ಉಳಿಯುವುದೆಂದು ಮಾತಾಗಿದೆ. ನಿಮಗೇನು ಆಸೆ ಎಂದು ಕೇಳಿದರೆ ಮಲ್ಲಿನಾಥ ಸ್ಟೇರಿಂಗಿನ ಮೇಲಿನ ಧೂಳು ಒರೆಸುತ್ತ ಯೋಚಿಸುತ್ತಾರೆ.

"ತಪಾಸಣಿಗೆ ಹ್ವಾದಾಗ ಹುಡುಗರನ್ನ ಸಾಲ ಹಚ್ಚಿ ನಿಂದ್ರಸ್ತೀನ್ರಿ. ಮ್ಯಾಡಮ್ ಒಬ್ಬೊಬ್ಬರ ಎದಿ ಮ್ಯಾಲೆ ಕಿವಿ ನಳಿಗಿ ಇಟ್ಟು ಕೇಳ್ತಾರ. ಚಲೋ ಇದ್ರ ಮರಾಠಿಯಾಗ 'ಮುಂದಿನವ್ರು' ಅಂತಾರ. ಏನರ ಐಬಿದ್ರ ಸುಮ್ಮನಾಗ್ತಾರ, ಅದರ ಮ್ಯಾಲ ನನಗ ತಿಳೀತೈತಿ. ಮುಂದಿನ ವರ್ಷ ಕಾಜಲ್ ಇರೂ ಸಾಲಿಗೆ ಹೋಗ್ತೀವಲ್ರಿ, ಆಕಿ ಪಾಳಿ ಬಂದಾಗ ಮ್ಯಾಡಮ್ ಆಕಿ ಮುಖಾ ಸೈತ ನೋಡಬಾರದು. ನಳಿಗಿ ಇಟ್ಟು, ತಗದು, 'ಮುಂದಿನವ್ರು' ಅನಬೇಕು. ಅಷ್ಟ ರೀ."