ಟಿವಿಯ ಹಣೆಗೆ ಇಟ್ಟ ಕುಂಕುಮ

ಬುಕ್ಕಸಾಗರದ ನಮ್ಮ ಶಾಲೆಗೆ ಗೋಡೆಯಗಲದ ಟಿವಿ ಬಂತು. ಹೊಸಪೇಟೆಯಲ್ಲಿ ಕೂತ ಮೇಷ್ಟ್ರು ಅದರೊಳಗಿಂದ ಸುತ್ತಲಿನ ಶಾಲೆಗಳಿಗೆಲ್ಲ ಒಟ್ಟಿಗೆ ಪಾಠ ಮಾಡುತ್ತಾರಂತೆ, ಮಕ್ಕಳೂ ಅವರಿಗೆ ಕಾಣುತ್ತಾರಂತೆ, ಮಕ್ಕಳು ರೆಪ್ಪೆ ಬಡಿಯದೆ ಕಲಿಯುತ್ತಾರಂತೆ. ಎದುರಿಗೆ ನಿಂತು ಕೂಗಿದರೂ ಕಲಿಯದವು ಟಿವಿಯಲ್ಲಿ ಕಲಿಯುತ್ತವೆ ಅಂದರೆ ನಾನು ನಂಬಲಿಲ್ಲ. ನನಗೆ ಬರುವುದು ಸಹಿ ಮಾಡುವಷ್ಟು ಅಕ್ಷರ. ನಂಬದಿರಲು ಅಷ್ಟು ಸಾಕು.

ನಮ್ಮೂರಲ್ಲಿ ಟ್ರ್ಯಾಕ್ಟರ್ ಬಂದರೂ ಪೂಜೆ, ಪಂಪ್‌ಸೆಟ್ ಬಂದರೂ ಪೂಜೆ. ಟಿವಿಯನ್ನು ಬಿಡುತ್ತಾರೆಯೇ? ವಿಭೂತಿ ಎಳೆದು, ಹಾರ ಹಾಕಿ, ನೆತ್ತಿಯ ಮೇಲಿದ್ದ ಗುಂಡನೆಯ ಗಾಜಿಗೆ ಹೆಡ್‌ಮೇಷ್ಟ್ರೇ ಎಣ್ಣೆಯಲ್ಲಿ ಕಲಸಿದ ಕುಂಕುಮ ಒತ್ತಿದರು. ಅವರಿಗೆ ಅದು ಹಣೆಯಂತೆ ಕಂಡಿತೇನೋ.

ಮೊದಲ ದಿನದ ಪಾಠಕ್ಕೆ ಮನೆಯವರನ್ನೂ ಕರೆದಿದ್ದರು. ಚೆನ್ನಾಗಿ ಉತ್ತರ ಹೇಳಿದ ಮಕ್ಕಳನ್ನು ಆರಿಸಿ, ವಸತಿ ಶಾಲೆಯ ಪರೀಕ್ಷೆಗೆ ಪುಕ್ಕಟೆ ತಯಾರಿ ಮಾಡಿಸುತ್ತಾರೆಂದು ಸುದ್ದಿ. ನನ್ನ ಮೊಮ್ಮಗಳಿಗೆ ಆ ಶಾಲೆ ಬೇಕಿತ್ತು. ಸಿಗದಿದ್ದರೆ ಅವಳೂ ತಾಯಿಯ ಹಿಂದೆ ಭತ್ತದ ಗದ್ದೆಗೆ ಇಳಿಯುವವಳೇ.

ಟಿವಿಯ ಮೇಷ್ಟ್ರು ಎಲ್ಲ ಶಾಲೆಗಳ ದನಿ ಬಂದ್ ಮಾಡಿಟ್ಟು, ಕೈ ಎತ್ತಿದ್ದು ಕಂಡವರಿಗೆ ಮಾತ್ರ ಮಾತಾಡಲು ಬಿಡುತ್ತಿದ್ದರು. ಕಂಪ್ಲಿಯ ಮಕ್ಕಳು ಎತ್ತಿದರು, ಹೇಳಿದರು. ನಮ್ಮವಳ ಕೈ ಪ್ರತಿ ಪ್ರಶ್ನೆಗೂ ಮೇಲೆ. ಅವರಿಗೆ ಕಾಣಲೇ ಇಲ್ಲ.

"ಬುಕ್ಕಸಾಗರದವ್ರು ಕತ್ತಲದಾಗ ಕುಂತೀರಿ, ಲೈಟ್ ಹಾಕ್ರಿ," ಎಂದರು. ಹೆಡ್‌ಮೇಷ್ಟ್ರು ಇದ್ದಬದ್ದ ಲೈಟೆಲ್ಲ ಹಾಕಿದರು, ಕಿಟಕಿ ತೆರೆಸಿದರು.

"ಸರ್, ಅದರ ಕಣ್ಣಿಗೆ ಕುಂಕುಮ ಹತ್ತೈತ್ರಿ," ಎಂದಳು ಮೊಮ್ಮಗಳು.

"ಸುಮ್ನ ಕುಂದ್ರಲೇ. ಪೂಜಿ ಮಾಡಿದ್ ಕುಂಕುಮ, ಒರಸಬಾರ್ದು," ಎಂದರು ಹೆಡ್‌ಮೇಷ್ಟ್ರು.

ಹೆಂಗಸರೂ ಹೌದೌದೆಂದು ತಲೆಯಾಡಿಸಿದರು. ನಾನು ಎದ್ದು, ಬೆಂಚು ಹತ್ತಿ, ಸೆರಗಿನಿಂದ ಒರೆಸಿಬಿಟ್ಟೆ.

"ಅಯ್ಯಯ್ಯ, ಎಂಥಾ ಕೆಲ್ಸ ಮಾಡಿದಿ!" ಎಂದಳು ಪಕ್ಕದ ಮನೆಯವಳು.

"ನನ್ ಗಂಡ ಸತ್ತಾಗ ನನ್ ಹಣಿದು ಒರಸಾಕ ನೀನಾ ಮುಂದ ಬಂದಿದ್ದಿ. ಆವಾಗ ಇಲ್ಲದ ಸಂಕಟ ಟಿವಿಗ್ಯಾಕ?" ಎಂದೆ.

"ಅಜ್ಜಿ, ಸ್ವಲ್ಪ ಸರೀರಿ. ನಿಮ್ ಮೂಗಷ್ಟ ಕಾಣಾಕತ್ತೈತಿ," ಎಂದರು ಟಿವಿಯ ಮೇಷ್ಟ್ರು. ಮಕ್ಕಳು ಹೋ ಎಂದು ನಕ್ಕರು. "ಹಿಂದ ಕೈ ಎತ್ತಿದಾಕಿ, ನೀ ಹೇಳವಾ."

ಹೇಳಿದಳು. ಮುಂದಿನದನ್ನೂ ಹೇಳಿದಳು. ಅವರು ಹೆಸರು ಕೇಳಿ ಬರೆದುಕೊಂಡರು, ತಯಾರಿಗೆ ಕಳಿಸಿಕೊಡಿ ಎಂದರು.

ಮುಂದಿನ ವಾರ ಹೋಗಿ ನೋಡಿದರೆ ಟಿವಿಗೆ ಮತ್ತೆ ಕುಂಕುಮ. ಈ ಸಲ ಕೆಳಗಿನ ಅಂಚಿಗೆ ಹಚ್ಚಿದ್ದರು. ಇಷ್ಟು ದೊಡ್ಡ ಟಿವಿ ಬಂದದ್ದಕ್ಕೆ ದೊಡ್ಡವರು ಅಷ್ಟಾದರೂ ಕಲಿತರು.